ಬೆನ್ನಿಗೆ ಕಟ್ಟಿಕೊಂಡ ಬೆಟ್ಟ

ಹ್ಯಾಂಗ್ ಗ್ಲೈಡರಿಗೆ ಬೆಟ್ಟ ಬೇಕು, ಬೆಂಗಳೂರಿನ ಬಯಲಿಗೆ ಬೆಟ್ಟವಿಲ್ಲ. ಸ್ಕೂಟರಿನ ಬ್ಯಾಟರಿಗಿಂತ ಚಿಕ್ಕದೊಂದು ಪೆಟ್ಟಿಗೆ ಆ ಕೊರತೆಯನ್ನು ಹತ್ತು ನಿಮಿಷದಲ್ಲಿ ತುಂಬಬಲ್ಲದು. ಲೆಕ್ಕ ಸರಿಯಾಗಿದೆ, ಮೋಟಾರು ಸಿದ್ಧವಿದೆ. ಅಡ್ಡಿ ಇರುವುದು ಓಡುವ ಕಾಲಿನಲ್ಲಿ, ಮತ್ತೆ ಆಕಾಶದ ಕಾನೂನಿನಲ್ಲಿ!

ಏಪ್ರಿಲ್ ತಿಂಗಳು, ಬೆಳಗಿನ ಹತ್ತೂವರೆ. ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆ ಏರಿಯಲ್ಲಿ ವಾಕಿಂಗ್‌ನವರು ಕರಗಿದ್ದಾರೆ. ಬಿಸಿಲು ಏರಿದೆ. ಮರದ ನೆತ್ತಿಯಿಂದ ಹದ್ದೊಂದು ಜಿಗಿದು ದಡಬಡನೆ ರೆಕ್ಕೆ ಬಡಿಯುತ್ತದೆ. ನೀರಿನ ಮೇಲೆ ಅದಕ್ಕೆ ಯಾವ ಸಹಾಯವೂ ಇಲ್ಲ. ಬೆವರು ಸುರಿಸಿಯೇ ಏರಬೇಕು.

ಕೆರೆ ದಾಟಿ ಅಪಾರ್ಟ್‌ಮೆಂಟುಗಳ ಕಾದ ತಾರಸಿಗಳ ಮೇಲೆ ಬಂದಿತೋ ಇಲ್ಲವೋ, ಹದ್ದಿನ ವರಸೆಯೇ ಬದಲು. ಒಂದು ರೆಕ್ಕೆ ವಾಲಿಸಿ ಸುತ್ತು ಹಾಕತೊಡಗುತ್ತದೆ. ಬಡಿತ ನಿಂತಿದೆ. ಎರಡನೆಯ ಸುತ್ತಿಗೆ ಹತ್ತನೇ ಮಹಡಿ, ನಾಲ್ಕನೆಯದಕ್ಕೆ ನೀರಿನ ಟ್ಯಾಂಕು ಕೆಳಗುಳಿಯಿತು. ಸ್ವಲ್ಪ ಹೊತ್ತಿಗೆ ಅದು ನೀಲಿಯಲ್ಲೊಂದು ಚುಕ್ಕೆ. ಇನ್ನೊಂದು ಹದ್ದು ಅದೇ ಕಂಬಕ್ಕೆ ಬಂದು ಸೇರಿಕೊಂಡಿತು.

ಕಾದ ನೆಲದಿಂದ ಮೇಲೇಳುವ ಬಿಸಿಗಾಳಿಯ ಈ ಕಂಬಕ್ಕೆ ಹಾರಾಟದವರು ಥರ್ಮಲ್ ಎನ್ನುತ್ತಾರೆ. ಹದ್ದಿನ ಖರ್ಚೆಲ್ಲ ಅದನ್ನು ಮುಟ್ಟುವ ತನಕ. ಆ ಮೊದಲ ಒದ್ದಾಟವನ್ನು ಒಂದು ಮೋಟಾರಿಗೆ ವಹಿಸಿ, ಉಳಿದದ್ದನ್ನು ಬಿಸಿಲಿಗೆ ಬಿಟ್ಟುಬಿಟ್ಟರೆ? ಹ್ಯಾಂಗ್ ಗ್ಲೈಡರಿಗೆ ಬ್ಯಾಟರಿ ಕಟ್ಟುವ ಯೋಚನೆ ಪೂರ್ತಿ ಇಷ್ಟೇ.

ಬೆಟ್ಟ ಎಲ್ಲಿದೆ?

ಹ್ಯಾಂಗ್ ಗ್ಲೈಡರ್ ಎಂದರೆ ಅಲ್ಯೂಮಿನಿಯಂ ಕೊಳವೆಗಳ ಮೇಲೆ ಬಿಗಿದ ಡೇಕ್ರಾನ್ ಬಟ್ಟೆಯ ತ್ರಿಕೋನ ರೆಕ್ಕೆ. ತೂಕ ಮೂವತ್ತು ಕೆ.ಜಿ. ಆಸುಪಾಸು. ಸೀಟಿಲ್ಲ, ಬಾಲವಿಲ್ಲ, ಸ್ಟಿಯರಿಂಗ್ ಇಲ್ಲ. ಪೈಲಟ್ ಹಾರ್ನೆಸ್‌ನಲ್ಲಿ ಬೋರಲಾಗಿ ತೂಗಿಕೊಂಡು, ಮುಂದಿನ ಅಡ್ಡಕಂಬಿ ಹಿಡಿದು ಮೈಯನ್ನು ಅತ್ತಿತ್ತ ಸರಿಸುತ್ತಾನೆ. ಭಾರ ಎತ್ತ ಹೋಯಿತೋ ರೆಕ್ಕೆ ಅತ್ತ ತಿರುಗುತ್ತದೆ.

ಸೆಕೆಂಡಿಗೆ ಸುಮಾರು ಒಂದು ಮೀಟರ್ ಇಳಿಯುತ್ತ, ಇಳಿದ ಪ್ರತಿ ಮೀಟರಿಗೆ ಹತ್ತು ಮೀಟರ್ ಮುಂದೆ ಸಾಗುವುದು ಅದರ ಗುಣ. ಹಾಗಾಗಿ ಶುರುವಿನಲ್ಲೇ ಎತ್ತರ ಬೇಕು. ಗಾಳಿಗೆ ಮುಖ ಮಾಡಿದ ಹುಲ್ಲಿನ ಇಳಿಜಾರು, ಕೆಳಗೆ ಇಳಿಯಲು ಬೋಳು ಮೈದಾನ ಬೇಕು.

ದಕ್ಷಿಣ ಬೆಂಗಳೂರಿನವರಿಗೆ ಬೆಟ್ಟಗಳೇನೋ ಹತ್ತಿರದಲ್ಲೇ ಇವೆ, ಆದರೆ ಈ ಕೆಲಸಕ್ಕೆ ಒದಗುವುದಿಲ್ಲ. ಸಾವನದುರ್ಗ ಒಂದೇ ಹೆಬ್ಬಂಡೆ. ಓಡುತ್ತ ಹೊರಟವನ ಕಾಲು ಜಾರಿದರೆ ಮುಂದಿನ ಮಾತಿಲ್ಲ. ರಾಮನಗರದ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ. ಬನ್ನೇರುಘಟ್ಟದ ಗುಡ್ಡಗಳ ಕೆಳಗೆ ಕಾಡು, ಕಾಡಿನಲ್ಲಿ ಆನೆ. ಉಳಿದದ್ದು ಉತ್ತರಕ್ಕಿರುವ ನಂದಿಯ ಕಡೆಯ ಸಾಲು. ಭಾನುವಾರ ಅಲ್ಲಿಗೆ ಹೋಗುವ ರಸ್ತೆಯ ಸ್ಥಿತಿ ಬೆಂಗಳೂರಿನವರಿಗೆ ಹೇಳಬೇಕಿಲ್ಲ.

ಅಡುಗೆಮನೆ ಪರದೆಯಿಂದ ಹೊರಟದ್ದು

ಈ ರೆಕ್ಕೆ ಹುಟ್ಟಿದ್ದು ಅಮೆರಿಕದ ಒಂದು ಮನೆಯಲ್ಲಿ. ವಿಮಾನ ಸಂಶೋಧನಾ ಎಂಜಿನಿಯರ್ ಫ್ರಾನ್ಸಿಸ್ ರೊಗ್ಯಾಲೊ ಮತ್ತು ಹೆಂಡತಿ ಗರ್ಟ್ರೂಡ್ ಅಡುಗೆಮನೆಯ ಪರದೆ ಬಟ್ಟೆಯಿಂದ ಮೊದಲ ಗಾಳಿಪಟ ಹೊಲಿದು, 1948ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಬಾಹ್ಯಾಕಾಶ ನೌಕೆಗಳನ್ನು ಇಳಿಸಲು ಬಂದೀತೇ ಎಂದು ನಾಸಾ ಪರೀಕ್ಷಿಸಿ ಕೈಬಿಟ್ಟಿತು. 1963ರಲ್ಲಿ ಆಸ್ಟ್ರೇಲಿಯಾದ ಗ್ರಾಫ್ಟನ್ ಎಂಬ ಊರಿನ ಹಬ್ಬದಲ್ಲಿ ದೋಣಿಯ ಹಿಂದೆ ಹಾರಿಸಲೆಂದು ಜಾನ್ ಡಿಕೆನ್ಸನ್ ಅದಕ್ಕೊಂದು ತ್ರಿಕೋನ ಕಂಬಿ ಸೇರಿಸಿದರು. ಇಂದಿಗೂ ಪೈಲಟ್‌ಗಳು ಹಿಡಿಯುವುದು ಆ ಕಂಬಿಯನ್ನೇ.

ಬೆಟ್ಟವಿಲ್ಲದ ಗೋಳು ಬೆಂಗಳೂರಿಗರದು ಮಾತ್ರವಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಜಾನ್ ಮೂಡಿಗೂ ಅದೇ ತಲೆನೋವು. 1975ರ ಮಾರ್ಚ್‌ನಲ್ಲಿ ಆತ ‘ಈಸಿ ರೈಸರ್’ ಎಂಬ ಎರಡಂತಸ್ತಿನ ಹ್ಯಾಂಗ್ ಗ್ಲೈಡರಿಗೆ ಸುಮಾರು 12 ಅಶ್ವಶಕ್ತಿಯ ಪುಟ್ಟ ಪೆಟ್ರೋಲ್ ಎಂಜಿನ್ ಕಟ್ಟಿ, ಹೆಪ್ಪುಗಟ್ಟಿದ ಕೆರೆಯ ಮೇಲೆ ಓಡಿ ಹಾರಿಯೇಬಿಟ್ಟ. ಮರುವರ್ಷ ಆಶ್‌ಕಾಶ್‌ನ ವಿಮಾನ ಜಾತ್ರೆಯಲ್ಲಿ ಜನ ಅದನ್ನು ಕಂಡರು. ಅಲ್ಟ್ರಾಲೈಟ್ ವಿಮಾನಗಳ ಯುಗ ಶುರುವಾದದ್ದು ಅಲ್ಲಿಂದ.

ಮುಂದಿನದು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಅದೇ ಈಸಿ ರೈಸರನ್ನು ತಯಾರಿಸುತ್ತಿದ್ದ ಲ್ಯಾರಿ ಮೌರೊ, ಪೆಟ್ರೋಲ್ ಎಂಜಿನ್ ಬಂದ ನಾಲ್ಕೇ ವರ್ಷಕ್ಕೆ ಅದನ್ನು ಬಿಚ್ಚಿ ಪಕ್ಕಕ್ಕಿಟ್ಟ. ಮೂರು ಅಶ್ವಶಕ್ತಿಯ ವಿದ್ಯುತ್ ಮೋಟಾರು, ಹ್ಯೂಸ್ 500 ಹೆಲಿಕಾಪ್ಟರಿನಿಂದ ತಂದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ, ಮೇಲಿನ ರೆಕ್ಕೆಗೆ 350 ವ್ಯಾಟಿನ ಸೌರಕೋಶಗಳು. 1979ರ ಏಪ್ರಿಲ್ 29ರಂದು ಕ್ಯಾಲಿಫೋರ್ನಿಯಾದ ಫ್ಲಾಬಾಬ್ ಎಂಬ ವಿಮಾನದಾಣದಲ್ಲಿ ಆ ‘ಸೋಲಾರ್ ರೈಸರ್’ ನೆಲ ಬಿಟ್ಟಿತು.

ಎಷ್ಟು ಎತ್ತರ? ಸುಮಾರು 12 ಮೀಟರ್. ಎಷ್ಟು ದೂರ? 800 ಮೀಟರ್. ಒಂದೂವರೆ ಗಂಟೆ ಬಿಸಿಲಿಗಿಟ್ಟರೆ ಮೂರರಿಂದ ಐದು ನಿಮಿಷದ ಹಾರಾಟ. ನಗುವವರು ನಗಲಿ. ಸೂರ್ಯಶಕ್ತಿಯಿಂದ ಮನುಷ್ಯನನ್ನು ಹೊತ್ತು ಹಾರಿದ ಮೊದಲ ಯಂತ್ರ ಎಂಬ ಹೆಸರು ಅದಕ್ಕೆ ಬಂತು. ನಮ್ಮಲ್ಲಿ ಮನೆಗೆ ಬಣ್ಣದ ಟಿ.ವಿ. ಬರುವ ಮೊದಲೇ ಹ್ಯಾಂಗ್ ಗ್ಲೈಡರಿಗೆ ಕರೆಂಟು ಬಂದಿತ್ತು!

ಆಮೇಲೆ ಇಪ್ಪತ್ತೈದು ವರ್ಷ ಈ ದಾರಿಯಲ್ಲಿ ಹೆಚ್ಚು ಸದ್ದಿಲ್ಲ. ಮೌರೊನ ಯೋಚನೆಗೆ ತಕ್ಕ ಬ್ಯಾಟರಿ ಹುಟ್ಟಿರಲಿಲ್ಲ. 1991ರಲ್ಲಿ ಸೋನಿ ಕಂಪನಿ ಕ್ಯಾಮೆರಾಗಳಿಗಾಗಿ ಲಿಥಿಯಂ ಅಯಾನ್ ಕೋಶವನ್ನು ಮಾರುಕಟ್ಟೆಗೆ ಬಿಟ್ಟಿತು. ಅದು ಬೆಳೆದು ಅಗ್ಗವಾಗುವವರೆಗೆ ಕಾಯಬೇಕಾಯಿತು. 2007ರಲ್ಲಿ ನ್ಯೂಜೆರ್ಸಿಯ ರ‍್ಯಾಂಡಲ್ ಫಿಶ್‌ಮನ್ ಲಿಥಿಯಂ ಬ್ಯಾಟರಿಯ ಟ್ರೈಕ್ ಒಂದನ್ನು ಅದೇ ಆಶ್‌ಕಾಶ್ ಜಾತ್ರೆಗೆ ತಂದ. ಹ್ಯಾಂಗ್ ಗ್ಲೈಡರ್ ರೆಕ್ಕೆಯ ಕೆಳಗೆ ಮೂರು ಚಕ್ರದ ಪುಟ್ಟ ಗಾಡಿ ತೂಗಿಬಿಟ್ಟರೆ ಅದೇ ಟ್ರೈಕ್.

*ಬಾವಲಿಯ ಮರಿ*

*ಯುಗೊಸ್ಲಾವಿಯಾದ ಕಾಲದಲ್ಲಿ ಸ್ಲೊವೇನಿಯಾದ ಇವೊ ಬೊಸ್ಕರೋಲ್ ಮತ್ತು ಗೆಳೆಯರು ಮೋಟಾರು ಕಟ್ಟಿದ ಹ್ಯಾಂಗ್ ಗ್ಲೈಡರುಗಳನ್ನು ಮುಸ್ಸಂಜೆಯಲ್ಲಿ ಗುಟ್ಟಾಗಿ ಹಾರಿಸುತ್ತಿದ್ದರು. ನೋಡಿದವರು ಬಾವಲಿ ಎಂದರು. ಕಂಪನಿಗೂ ಬಾವಲಿಯ ಹೆಸರೇ ನಿಂತಿತು: ಪಿಪಿಸ್ಟ್ರೆಲ್. 2020ರ ಜೂನ್‌ನಲ್ಲಿ ಅದರ ‘ವೆಲಿಸ್ ಎಲೆಕ್ಟ್ರೊ’ ಯುರೋಪಿನ ವಿಮಾನ ಸುರಕ್ಷಾ ಸಂಸ್ಥೆಯಿಂದ ಪೂರ್ಣ ಪ್ರಮಾಣಪತ್ರ ಪಡೆದ ಜಗತ್ತಿನ ಮೊದಲ ವಿದ್ಯುತ್ ವಿಮಾನವಾಯಿತು. ಭಾರತವೂ ಈ ಕಂಪನಿಯ ಗಿರಾಕಿ: ವಾಯುಪಡೆ, ನೌಕಾಪಡೆ ಮತ್ತು ಎನ್‌ಸಿಸಿಗಾಗಿ 194 ಪೆಟ್ರೋಲ್ ಮೈಕ್ರೊಲೈಟುಗಳನ್ನು ಕೊಂಡಿತು.*

ಕಲ್ಲಟ್ಟಿಯಿಂದ ಬೆಂಗಳೂರಿಗೆ

ನಮ್ಮ ಕಡೆ ಈ ರೆಕ್ಕೆಗೆ ಯಂತ್ರ ಕೂಡಿಸಿದ ಕಥೆಗೆ ಒಬ್ಬ ಫ್ರೆಂಚ್ ಮನುಷ್ಯ ನಾಯಕ. ಮೈಸೂರು ಕಡೆಯಿಂದ ಮಸಿನಗುಡಿ ದಾರಿಯಾಗಿ ಊಟಿಗೆ ಹೋದವರಿಗೆ ಕಲ್ಲಟ್ಟಿ ಘಾಟಿಯ ತಿರುವುಗಳು ನೆನಪಿರುತ್ತವೆ, ಹೊಟ್ಟೆಯಂತೂ ಮರೆಯುವುದಿಲ್ಲ. ಆ ಕಲ್ಲಟ್ಟಿಯಲ್ಲಿ ನೆಲೆಸಿ, ಹ್ಯಾಂಗ್ ಗ್ಲೈಡರ್ ಮತ್ತು ಅಲ್ಟ್ರಾಲೈಟುಗಳ ವಿನ್ಯಾಸವನ್ನೇ ಕಸುಬು ಮಾಡಿಕೊಂಡವರು ಜೋಯೆಲ್ ಕೊಚ್ಲಿನ್. ಆರೋವಿಲ್ ಅರಸಿ ಭಾರತಕ್ಕೆ ಬಂದವರು. ಹಿಂದಿ ಚಿತ್ರನಟಿ ಕಲ್ಕಿ ಕೊಚ್ಲಿನ್ ಅವರ ಮಗಳು. ಐಫೆಲ್ ಗೋಪುರದ ರಚನೆಯ ಲೆಕ್ಕ ಹಾಕಿದ ಎಂಜಿನಿಯರ್ ಮಾರಿಸ್ ಕೊಚ್ಲಿನ್ ಇವರ ಪೂರ್ವಿಕರು ಎನ್ನುತ್ತಾರೆ. ಕೊಳವೆ, ತಂತಿ, ಗಾಳಿಯ ಒತ್ತಡಗಳ ನಂಟು ಹಳೆಯದೇ ಇರಬೇಕು.

ಕೊಚ್ಲಿನ್ ಕಟ್ಟಿದ ಕಂಪನಿ ರಾಜ್ ಹಂಸ ಅಲ್ಟ್ರಾಲೈಟ್ಸ್ ಬೇರೂರಿದ್ದು ಬೆಂಗಳೂರಿನಲ್ಲಿ. ಟ್ರೈಕುಗಳಿಂದ ಶುರುವಾಗಿ, ಕೊಳವೆ ಮತ್ತು ಬಟ್ಟೆಯಲ್ಲೇ ಕಟ್ಟಿದ ಎರಡು ಸೀಟಿನ ‘ಎಕ್ಸ್-ಏರ್’ ವಿಮಾನಕ್ಕೆ ಬಂತು. ಫ್ರಾನ್ಸಿನಲ್ಲೂ ಬ್ರಿಟನ್ನಿನಲ್ಲೂ ಅದು ಕಿಟ್ ರೂಪದಲ್ಲಿ ಮಾರಾಟವಾಯಿತು. ಅದರ ಮುಂದಿನ ಮಾದರಿಯ ಹೆಸರು ‘ಹನುಮಾನ್’. ಐಟಿ ಕಂಪನಿಗಳ ಹೆಸರು ಜಗತ್ತಿಗೆ ಗೊತ್ತಾದ ಕಾಲದಲ್ಲೇ ಬೆಂಗಳೂರಿನ ಹೊಲಿಗೆ ಮತ್ತು ಕೊಳವೆ ಕೆಲಸ ಯುರೋಪಿನ ಹುಲ್ಲುಗಾವಲುಗಳ ಮೇಲೆ ಹಾರಾಡುತ್ತಿತ್ತು. ಎಚ್‌ಎಎಲ್, ಎನ್‌ಎಎಲ್ ಎಂದು ಹೆಮ್ಮೆಪಡುವ ಊರಿಗೆ ಇದು ಅಷ್ಟಾಗಿ ನೆನಪಿಲ್ಲ ಎನ್ನುವುದು ನನ್ನ ಸಣ್ಣ ತಕರಾರು.

ಲೆಕ್ಕ ಏನು ಹೇಳುತ್ತದೆ?

ಪುಟ್ಟೇನಹಳ್ಳಿಯಿಂದ ಆನೇಕಲ್ ದೂರವೇನಿಲ್ಲ. ಆ ಊರಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ದ ವಿಮಾನಗಳನ್ನು 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ಸಂಗಡಿಗರು ಕೂತು ಲೆಕ್ಕ ಹಾಕಿ, ಇವು ಹಾರಲಾರವು ಎಂದು ಬರೆದರು. ಅದೇ ಮಾಪನವನ್ನು ನಮ್ಮ ಬ್ಯಾಟರಿ ರೆಕ್ಕೆಗೂ ಹಿಡಿಯೋಣ.

ಪೈಲಟ್ 70 ಕೆ.ಜಿ., ರೆಕ್ಕೆ 32, ಹಾರ್ನೆಸ್-ಮೋಟಾರು-ಬ್ಯಾಟರಿ ಎಲ್ಲ ಸೇರಿ 33. ಒಟ್ಟು 135 ಕೆ.ಜಿ. ಇಷ್ಟು ಭಾರ ಸೆಕೆಂಡಿಗೆ ಒಂದು ಮೀಟರಿಗಿಂತ ತುಸು ಹೆಚ್ಚು ಇಳಿಯುವುದನ್ನು ತಡೆದು ಮಟ್ಟಸವಾಗಿ ಹಾರಿಸಲು ಬೇಕಾದ ಶಕ್ತಿ ಸುಮಾರು ಒಂದೂವರೆ ಕಿಲೋವ್ಯಾಟ್. ಮೋಟಾರು, ಪ್ರೊಪೆಲ್ಲರ್‌ಗಳು ಅರ್ಧದಷ್ಟು ತಿಂದುಹಾಕುತ್ತವೆಂದರೂ ಮೂರು ಕಿಲೋವ್ಯಾಟ್ ಸಾಕು. ಅಂದರೆ ಬಚ್ಚಲುಮನೆಯ ಒಂದು ಗೀಸರ್, ಜೊತೆಗೊಂದು ಇಸ್ತ್ರಿಪೆಟ್ಟಿಗೆ!

ಏರುವುದಕ್ಕೆ ಹೆಚ್ಚು ಬೇಕು. ಸೆಕೆಂಡಿಗೆ ಒಂದೂವರೆ ಮೀಟರ್ ಏರಬೇಕೆಂದರೆ ಆರರಿಂದ ಏಳು ಕಿಲೋವ್ಯಾಟ್. ಹತ್ತು ನಿಮಿಷ ಹೀಗೆ ಏರಿದರೆ 900 ಮೀಟರ್ ಎತ್ತರ. ಖರ್ಚಾದದ್ದು ಸುಮಾರು ಒಂದು ಯೂನಿಟ್ ವಿದ್ಯುತ್. ಎರಡು ಯೂನಿಟ್ ಹಿಡಿಯುವ ಬ್ಯಾಟರಿ ಇದ್ದರೆ, ಇಳಿಯುವಾಗ ಎಡವಟ್ಟಾದರೆ ಮತ್ತೆ ಏರಲು ಒಂದಿಷ್ಟು ಮಿಕ್ಕಿಯೂ ಇರುತ್ತದೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ನಂದಿ ಬೆಟ್ಟ 1,478. ನಮ್ಮ ತಲೆಯ ಮೇಲೆ ನಂದಿ ನಿಂತಿರುವುದು 550 ಮೀಟರ್ ಚಿಲ್ಲರೆ ಅಷ್ಟೇ. ಹತ್ತು ನಿಮಿಷದ ಬ್ಯಾಟರಿ ಕೊಡುವುದು ಅದಕ್ಕಿಂತ ಎತ್ತರದ ಬೆಟ್ಟವನ್ನು. ಅಲ್ಲಿಂದ ಮೋಟಾರು ಆರಿಸಿದರೂ ಗಾಳಿಯಿಲ್ಲದ ದಿನ ಒಂಬತ್ತು ಕಿ.ಮೀ. ತೇಲಬಹುದು. ಬರೀ ನಕ್ಷೆಯ ಮೇಲೆ ಹೇಳುವುದಾದರೆ, ಪುಟ್ಟೇನಹಳ್ಳಿಯಿಂದ ಲಾಲ್‌ಬಾಗ್ ದಾಟುವಷ್ಟು. ಏಪ್ರಿಲ್ ಮಧ್ಯಾಹ್ನದ ಒಂದು ಒಳ್ಳೆಯ ಥರ್ಮಲ್ ಸಿಕ್ಕಿತೋ, ಆಮೇಲೆ ಬ್ಯಾಟರಿಯ ಗೊಡವೆಯೇ ಇಲ್ಲ.

ಹಾಗಾದರೆ ಎಲ್ಲ ವಿಮಾನಗಳಿಗೂ ಬ್ಯಾಟರಿ ಯಾಕೆ ಬಂದಿಲ್ಲ? ಒಂದು ಲೀಟರ್ ಪೆಟ್ರೋಲ್ ಮಾಡುವ ಕೆಲಸಕ್ಕೆ ಹನ್ನೆರಡು ಕೆ.ಜಿ. ಬ್ಯಾಟರಿ ಬೇಕು, ಅದಕ್ಕೆ. ಮುಂಬಯಿಗೆ ಹಾರುವ ವಿಮಾನ ಟನ್‌ಗಟ್ಟಲೆ ಇಂಧನ ಸುಡುತ್ತದೆ. ಅಲ್ಲಿ ಈ ಭಾರ ಮುಳುಗಿಸಿಬಿಡುತ್ತದೆ. ಹ್ಯಾಂಗ್ ಗ್ಲೈಡರಿಗೆ ಬೇಕಿರುವುದೇ ಒಂದು ಲೀಟರಿನಷ್ಟು. ಪೆಟ್ರೋಲ್ ಎಂಜಿನ್‌ನ ಸೈಲೆನ್ಸರು, ಕಾರ್ಬ್ಯುರೇಟರು, ಟ್ಯಾಂಕುಗಳ ಭಾರ ಕಳೆದರೆ ವ್ಯತ್ಯಾಸ ಇನ್ನೂ ಕಿರಿದು. ಆಕಾಶದ ಯಂತ್ರಗಳಲ್ಲೆಲ್ಲ ಬ್ಯಾಟರಿಯ ಬಡತನ ಅತಿ ಕಡಿಮೆ ಬಾಧಿಸುವುದು ಈ ಬಟ್ಟೆಯ ರೆಕ್ಕೆಯನ್ನು.

ಬೆಂಗಳೂರಿನ ಎತ್ತರದಲ್ಲಿ ಇನ್ನೊಂದು ಲಾಭವೂ ಇದೆ. ಇಲ್ಲಿಯ ಗಾಳಿ ತೆಳು. ಪೆಟ್ರೋಲ್ ಎಂಜಿನ್ ಶಕ್ತಿಯಲ್ಲಿ ಹತ್ತಿರ ಹತ್ತಿರ ಹತ್ತನೇ ಒಂದು ಪಾಲು ಇಲ್ಲೇ ಸೋರಿಹೋಗುತ್ತದೆ. ವಿದ್ಯುತ್ ಮೋಟಾರು ಉಸಿರಾಡುವುದಿಲ್ಲವಾದ್ದರಿಂದ ಅದಕ್ಕೆ ಈ ಚಿಂತೆಯಿಲ್ಲ.

*ಎರಡು ಪುಟ್ಟೇನಹಳ್ಳಿ*

*ಜೆ.ಪಿ. ನಗರದ ಪುಟ್ಟೇನಹಳ್ಳಿಯ ಪುಟ್ಟಕೆರೆ ಹದಿಮೂರು ಎಕರೆ ಚಿಲ್ಲರೆ. 2010ರಲ್ಲಿ ಸುತ್ತಲಿನ ನಿವಾಸಿಗಳು ಟ್ರಸ್ಟ್ ಕಟ್ಟಿಕೊಂಡು ಅದನ್ನು ಉಳಿಸಿಕೊಂಡರು. ಇನ್ನೊಂದು ಪುಟ್ಟೇನಹಳ್ಳಿ ಯಲಹಂಕದ್ದು. ಅಲ್ಲೂ ಹಕ್ಕಿಗಳ ಕೆರೆ, ಪಕ್ಕದಲ್ಲೇ ವಾಯುನೆಲೆ, ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ. ಹದ್ದು ಮತ್ತು ವಿಮಾನ ಒಂದೇ ಆಕಾಶ ಹಂಚಿಕೊಳ್ಳುವುದು ಎಷ್ಟು ಕಷ್ಟ ಎನ್ನಲು 2025ರ ಪ್ರದರ್ಶನವೇ ಸಾಕ್ಷಿ: ಹದ್ದುಗಳು ಬಾರದಿರಲೆಂದು ವಾಯುನೆಲೆಯಿಂದ 13 ಕಿ.ಮೀ. ವ್ಯಾಪ್ತಿಯಲ್ಲಿ ಮಾಂಸದಂಗಡಿಗಳನ್ನೇ ಮುಚ್ಚಿಸಿದರು.*

ಕಟ್ಟುವುದು ಹೇಗೆ?

ಸುಲಭವಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ನಾಲ್ಕು ಕೆ.ಜಿ.ಯ ಬ್ರಷ್‌ಲೆಸ್ ಮೋಟಾರು, ಅದನ್ನು ಆಳುವ ಕಂಟ್ರೋಲರು, ಸಾಲಾಗಿ ಹದಿನಾಲ್ಕು ಕೋಶ ಪೋಣಿಸಿದ 52 ವೋಲ್ಟಿನ ಬ್ಯಾಟರಿ, 1.3 ಮೀಟರ್ ಅಗಲದ ಪ್ರೊಪೆಲ್ಲರು. ಮೋಟಾರು ನಿಂತಾಗ ಪ್ರೊಪೆಲ್ಲರಿನ ಎಲೆಗಳು ಮಡಚಿಕೊಳ್ಳಬೇಕು, ಇಲ್ಲದಿದ್ದರೆ ತೇಲುವಾಗ ಗಾಳಿಗೆ ತಡೆ. ಪೈಲಟ್ ಬೋರಲಾಗಿ ಮಲಗುವುದರಿಂದ ಪ್ರೊಪೆಲ್ಲರಿನ ಜಾಗ ಪಾದಗಳ ಹಿಂದೆ. ಇಷ್ಟೆಲ್ಲ ಕೂಡಿ ನಲವತ್ತು ಕೆ.ಜಿ.ಯಷ್ಟು ತಳ್ಳುಬಲ ಹುಟ್ಟುತ್ತದೆ, ಧಾರಾಳ ಸಾಕು.

ತಂತಿ, ಕನೆಕ್ಟರಿಗೆ ಎಸ್.ಪಿ. ರೋಡ್ ಇದೆ, ಲೇತ್ ಕೆಲಸಕ್ಕೆ ಪೀಣ್ಯ ಇದೆ. ಈ ಊರಿಗೆ ಬ್ಯಾಟರಿ ಹೊಸದೇನಲ್ಲ. ಚೇತನ್ ಮೈನಿ 2001ರಲ್ಲಿ ಬೀದಿಗಿಳಿಸಿದ ‘ರೇವಾ’ ಕಾರಿನಲ್ಲಿ ಎಂಟು ಸೀಸ-ಆಮ್ಲ ಬ್ಯಾಟರಿಗಳಿದ್ದವು. ಒಟ್ಟು 48 ವೋಲ್ಟ್. ಇವತ್ತು ಬನ್ನೇರುಘಟ್ಟ ರಸ್ತೆಯ ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ನಿಲ್ಲುವ ಏಥರ್ 450 ಎಕ್ಸ್ ಸ್ಕೂಟರಿನ 3.7 ಯೂನಿಟ್ ಬ್ಯಾಟರಿಯಲ್ಲಿ ನಮ್ಮ ಹ್ಯಾಂಗ್ ಗ್ಲೈಡರಿಗೆ ಬೇಕಾದದ್ದಕ್ಕಿಂತ ಹೆಚ್ಚು ಶಕ್ತಿಯಿದೆ. ನಮ್ಮ ಎರಡು ಯೂನಿಟ್ ಬ್ಯಾಟರಿಯ ಒಂದು ಚಾರ್ಜಿಗೆ ಬೆಸ್ಕಾಂ ಬಿಲ್ಲು ಇಪ್ಪತ್ತು ರೂಪಾಯಿಯೊಳಗೆ.

ಆದರೆ ಸ್ಕೂಟರಿನ ಬ್ಯಾಟರಿಯನ್ನೇ ಬಿಚ್ಚಿ ಬೆನ್ನಿಗೆ ಕಟ್ಟುವ ಜಾಣತನ ಬೇಡ. ಬ್ಯಾಟರಿಯೊಳಗೆ ಕೋಶಗಳನ್ನು ಕಾಯುವ ಬಿಎಂಎಸ್ ಎಂಬ ಸರ್ಕ್ಯೂಟ್ ಇರುತ್ತದೆ. ಬಿಸಿ ಹೆಚ್ಚಾದರೆ, ವೋಲ್ಟೇಜ್ ಕುಸಿದರೆ ಅದು ಸಂಪರ್ಕವನ್ನೇ ಕಡಿದುಹಾಕುವುದುಂಟು. ರಸ್ತೆಯಲ್ಲಾದರೆ ಗಾಡಿ ಪಕ್ಕಕ್ಕೆ ತಳ್ಳಿ ನಿಲ್ಲಿಸಿ ಫೋನ್ ಮಾಡಬಹುದು. ಮರಗಳ ಮೇಲೆ ಮೂವತ್ತು ಮೀಟರ್ ಎತ್ತರದಲ್ಲಿ ಅದೇ ಕಾವಲುಗಾರ ಕೊಲೆಗಾರ. ಹಾರುವ ಬ್ಯಾಟರಿ ಮೊದಲು ಎಚ್ಚರಿಸಬೇಕು, ಆಮೇಲೆ ಶಕ್ತಿ ತಗ್ಗಿಸಬೇಕು; ಕತ್ತರಿಸುವುದು ಕಟ್ಟಕಡೆಗೆ, ಬೆಂಕಿಯೇ ಬರುವುದಾದರೆ ಮಾತ್ರ. ಬೆಂಕಿಯ ಭಯ ಸುಮ್ಮನೆ ಹೇಳಿದ್ದಲ್ಲ. 2022ರಲ್ಲಿ ದೇಶದ ಅಲ್ಲಲ್ಲಿ ಸ್ಕೂಟರುಗಳು ಹೊತ್ತಿಕೊಂಡ ಮೇಲೆ ಕೇಂದ್ರ ಸರ್ಕಾರ ಎಐಎಸ್ 156 ಎಂಬ ಬ್ಯಾಟರಿ ನಿಯಮವನ್ನು ಬಿಗಿಗೊಳಿಸಬೇಕಾಯಿತು.

ಇನ್ನೊಂದು ಅಪಾಯ, ಮೋಟಾರಿನ ಮೌನ. ಪೆಟ್ರೋಲ್ ಎಂಜಿನ್ ಚಾಲೂ ಇದ್ದರೆ ಬೀದಿಗೆಲ್ಲ ಗೊತ್ತು. ವಿದ್ಯುತ್ ಮೋಟಾರು ಸತ್ತಂತೆ ಬಿದ್ದಿದ್ದು, ಥ್ರಾಟಲಿಗೆ ಬೆರಳು ತಗುಲಿದ ಕ್ಷಣ ಪೂರ್ತಿ ಬಲದಿಂದ ತಿರುಗಬಲ್ಲದು. ಪ್ರೊಪೆಲ್ಲರ್ ಇರುವುದೋ ಸ್ವಂತ ಕಾಲಿನ ಹಿಂದೆ. ಎರಡೆರಡು ಸ್ವಿಚ್ ಒತ್ತದೆ ಚಾಲೂ ಆಗಬಾರದೆಂಬ ಶಿಸ್ತು ಇಲ್ಲಿ ಕಡ್ಡಾಯ.

ನಿಜವಾದ ಕಗ್ಗಂಟು ಮೊದಲ ಹದಿನೈದು ಹೆಜ್ಜೆಗಳದ್ದು. ರೆಕ್ಕೆ ಮೇಲೇಳಲು ಗಾಳಿಯ ವೇಗ ಗಂಟೆಗೆ ಮೂವತ್ತು ಕಿ.ಮೀ. ಹತ್ತಿರ ಬೇಕು, ನಮ್ಮ ತೆಳುಗಾಳಿಗೆ ಇನ್ನೂ ಒಂದೂವರೆ ಹೆಚ್ಚು. ಬೆಟ್ಟದ ಇಳಿಜಾರಿನಲ್ಲಿ ನಾಲ್ಕು ಹೆಜ್ಜೆಗೆ ನೆಲವೇ ಕಾಲ ಕೆಳಗಿನಿಂದ ಸರಿದು ಉಪಕಾರ ಮಾಡುತ್ತದೆ. ಬಯಲಿನಲ್ಲಿ ಹೆಗಲ ಮೇಲೆ ಅರವತ್ತೈದು ಕೆ.ಜಿ. ಹೊತ್ತು, ಮಾರಿಹಬ್ಬದ ಕೊಂಡ ಹಾಯುವವರಂತೆ ನುಗ್ಗಬೇಕು. ಎದುರುಗಾಳಿ ಇಲ್ಲದ ದಿನ ತರಬೇತಾದವರಿಗೂ ಇದು ಕಷ್ಟ. ಇಲ್ಲಿಯ ಆಷಾಢದ ಗಾಳಿ ನೆರವಾದೀತು, ಆದರೆ ಆಗ ಥರ್ಮಲ್ ಕಡಿಮೆ. ಬೇಸಿಗೆಯಲ್ಲಿ ಥರ್ಮಲ್ ಉಂಟು, ನಡುಹಗಲಿನ ಮೇಲೆ ಅದು ಒರಟು. ಸಂಜೆಗೆ ಮಾವಿನ ಮಳೆಯ ಮೋಡ ಕಟ್ಟಿದರೆ ಒಳಗೆ ಎಳೆದುಕೊಂಡೇಬಿಡುತ್ತದೆ.

ಅದಕ್ಕೇ ಅನುಭವಿಗಳು ಹೇಳುವ ದಾರಿ ಚಕ್ರ. ಚಕ್ರವಿರುವ ಹಗುರ ಟ್ರೈಕಿನಲ್ಲಿ ಓಟದ ಪ್ರಶ್ನೆಯಿಲ್ಲ, ಬ್ಯಾಟರಿಯ ಭಾರ ಹೆಗಲಿಗಿಲ್ಲ. ಹದ್ದಿನಂತೆ ಮಲಗಿ ಹಾರುವ ಸುಖ ಮಾತ್ರ ಅರ್ಧ ಹೋಯಿತು. ನನ್ನನ್ನು ಕೇಳಿದರೆ, ಮೊಣಕಾಲು ಉಳಿಯುವುದು ಮುಖ್ಯ.

ಆಕಾಶ ಯಾರದು?

ಪುಟ್ಟೇನಹಳ್ಳಿಯಲ್ಲಿ ಕೂತು ಇದನ್ನು ಕಟ್ಟಬಹುದು, ಹಾರಿಸುವಂತಿಲ್ಲ. ಎಚ್‌ಎಎಲ್, ಜಕ್ಕೂರು, ಯಲಹಂಕ, ದೇವನಹಳ್ಳಿ ಎಂದು ನಾಲ್ಕು ವಿಮಾನದಾಣಗಳಿರುವ ನಗರದ ಮೇಲೆ ಖಾಸಗಿ ರೆಕ್ಕೆಗೆ ಜಾಗ ಇರುವುದಾದರೂ ಎಲ್ಲಿ? ಸುತ್ತ ಕಟ್ಟಡ, ವಿದ್ಯುತ್ ತಂತಿ; ಮೋಟಾರು ನಿಂತರೆ ಇಳಿಯಲು ಒಂದು ಮೈದಾನವಿಲ್ಲ, ಇದ್ದ ಮೈದಾನದಲ್ಲಿ ಐದು ಕ್ರಿಕೆಟ್ ಪಂದ್ಯ. ರೆಕ್ಕೆಯನ್ನು ಜೀಪಿನ ನೆತ್ತಿಗೆ ಕಟ್ಟಿ ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಬಯಲು ಹುಡುಕಬೇಕು, ಅಲ್ಲೂ ಅನುಮತಿ ಬೇಕು.

ದೊಡ್ಡವರ ಅಂಗಳದಲ್ಲಿ ವಿದ್ಯುತ್ ಹಾರಾಟದ ಗಾಳಿ ಬೀಸಿದೆ. ಎನ್‌ಎಎಲ್‌ನ ‘ಹನ್ಸ’ ತರಬೇತಿ ವಿಮಾನದ ವಿದ್ಯುತ್ ರೂಪ ‘ಇ-ಹನ್ಸ’ವನ್ನು ಸುಮಾರು ಎರಡು ಕೋಟಿ ರೂಪಾಯಿಗೆ ತಯಾರಿಸುವ ಯೋಜನೆಯನ್ನು ಕೇಂದ್ರ ಸಚಿವ ಜಿತೇಂದ್ರ ಸಿಂಗ್ 2025ರ ಮೇ ತಿಂಗಳಲ್ಲಿ ಪ್ರಕಟಿಸಿದರು. ಬೆಂಗಳೂರಿನ ಸರಳಾ ಏವಿಯೇಷನ್ ತನ್ನ ವಿದ್ಯುತ್ ಏರ್ ಟ್ಯಾಕ್ಸಿ ‘ಶೂನ್ಯ’ದ ಮಾದರಿಯನ್ನು ಅದೇ ವರ್ಷದ ಜನವರಿಯಲ್ಲಿ ದೆಹಲಿಯಲ್ಲಿ ತೋರಿಸಿತು. ಕೋಟಿಗಳ ಈ ಮಾತಿನ ನಡುವೆ ಒಂಟಿ ಮನುಷ್ಯನ ಬಟ್ಟೆರೆಕ್ಕೆಗೆ ಯಾರೂ ಸಮಾರಂಭ ಮಾಡುವುದಿಲ್ಲ, ಸರಿಯೇ.

ಕಾನೂನು ಮಾತ್ರ ಅದನ್ನು ಮರೆತಿಲ್ಲ. ಮೋಟಾರಿಲ್ಲದ ಗ್ಲೈಡರಿಗೆ ಮೋಟಾರು ಕೂಡಿಸಿದ ಘಳಿಗೆಯಿಂದ ಅದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಕಡತದಲ್ಲಿ ‘ಪವರ್ಡ್ ಹ್ಯಾಂಗ್ ಗ್ಲೈಡರ್’. ಹಾರಿಸುವವನಿಗೆ ಅಧಿಕೃತ ಪರೀಕ್ಷಕರ ಮಂಜೂರಾತಿ ಬೇಕು. ಅನುಮತಿಯಿಲ್ಲದೆ ಮೇಲಿನಿಂದ ಫೋಟೊ ತೆಗೆಯುವಂತಿಲ್ಲ. ಮಾರಬೇಕೆಂದರೆ ಕೊಳ್ಳುವವನು ನಿರ್ದೇಶನಾಲಯದ ಪ್ರಮಾಣಪತ್ರ ತರಬೇಕು, ಆ ಪತ್ರ ಸಿಗುವುದು ಗೃಹ ಸಚಿವಾಲಯ ಅವನ ಪೂರ್ವಾಪರ ವಿಚಾರಿಸಿದ ನಂತರ. ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನ ಹತ್ತಿರ ಬಂದಾಗ ದೆಹಲಿ ಪೊಲೀಸರು ಹೊರಡಿಸುವ ನಿಷೇಧದ ಪಟ್ಟಿಯಲ್ಲಿ ಹ್ಯಾಂಗ್ ಗ್ಲೈಡರಿಗೆ ಕಾಯಂ ಸ್ಥಾನ.

ಟೂ-ಸ್ಟ್ರೋಕ್ ಎಂಜಿನ್ ಕಟ್ಟಿದ ರೆಕ್ಕೆ ಬರುತ್ತಿದ್ದರೆ ಎರಡು ಕಿ.ಮೀ. ಆಚೆಗೇ ಊರ ನಾಯಿಗಳು ಬೊಗಳುತ್ತವೆ. ಬ್ಯಾಟರಿಯದು ತಲೆಯ ಮೇಲೆ ಬಂದಾಗಲೂ ಫ್ಯಾನ್ ತಿರುಗಿದಷ್ಟೇ ಸದ್ದು. ಕೆರೆಯ ಹಕ್ಕಿಗಳಿಗೂ ಸುತ್ತಲಿನ ಊರಿನವರಿಗೂ ಹಿತವಾದ ಈ ಗುಣವೇ ಗೃಹ ಸಚಿವಾಲಯದ ಮೇಜಿನ ಮೇಲೆ ದೊಡ್ಡ ದೋಷವಾದೀತು. ಈ ಬೇಸಿಗೆಯಲ್ಲಿ ಯಾರಾದರೂ ಕಟ್ಟಲು ಹೊರಟರೆ ಮೋಟಾರಿಗೆ ಆರ್ಡರ್ ಮಾಡುವ ಮುಂಚೆ ಅರ್ಜಿ ಹಾಕುವುದು ಒಳ್ಳೆಯದು. ಮೋಟಾರು ಬೇಗ ಬರುತ್ತದೆ.